ಇಲ್ಲು ಗುಲ್ಲ

ಮೇಸ್ತ್ರಿಯ ಬಲಗೈ ನಡುಬೆರಳಿನ ಗೆಣ್ಣು ಉಳಿದ ಗೆಣ್ಣುಗಳ ಹಾಗಿರಲಿಲ್ಲ. ಹುಣಿಸೆಬೀಜದಂತೆ ಕಪ್ಪಗೆ, ನುಣ್ಣಗೆ ಜಡ್ಡುಗಟ್ಟಿತ್ತು. ಆ ಗೆಣ್ಣಿನಿಂದ ನೆಲ ಬಡಿದು, ತಲೆ ಓರೆಮಾಡಿ ಕೇಳುವುದು ಅವರ ಅಭ್ಯಾಸ. ಮೊದಲ ದಿನ ನನಗೆ ಅದು ನಾಟಕದಂತೆ ಕಂಡಿತು.

ಮುಳಬಾಗಿಲಿನಲ್ಲಿ ನಾವು ಕೊಂಡ ಮನೆ ಹಳೆಯದು. ನಡುಮನೆಯ ಗಾರೆ ನೆಲ ಬಿರುಕುಬಿಟ್ಟು ಅಮ್ಮ ಎರಡು ಸಲ ಎಡವಿದ್ದರು. ಟೈಲ್ಸ್ ಹಾಕಿಸಲು ಎಷ್ಟಾಗುತ್ತದೆಂದು ತಿಳಿಯಬೇಕಿತ್ತು. ತಾಯಲೂರಿನಿಂದ ಬಂದ ಈ ಮೇಸ್ತ್ರಿ ಚೀಲದಿಂದ ತೆಗೆದ ಟೇಪಿಗೆ ಮೊದಲ ಅಡಿಯೇ ಇರಲಿಲ್ಲ. ಮುರಿದುಹೋಗಿತ್ತು.

"ಇದರಲ್ಲಿ ಅಳೆದ್ರೆ ಒಂದಡಿ ಜಾಸ್ತಿ ಬರಲ್ವಾ?" ಎಂದೆ.

"ಬರುತ್ತೆ ತಾಯೀ. ಅದನ್ನ ಕಳೀತೀನಿ. ನಾನು ಮರೆತ್ರೆ ನೀವಿದೀರಲ್ಲ" ಎಂದು ನಕ್ಕರು.

ಅವರು ಅಡುಗೆಮನೆಗೆ ಹೋದಾಗ ನನ್ನ ಟೇಪಿನಿಂದ ಅಳೆದೆ. ಹದಿನಾಲ್ಕು ಅಡಿ, ಹನ್ನೆರಡು ಅಡಿ. ಅವರು ಬರೆದದ್ದೂ ಅಷ್ಟೇ. ಸಮಾಧಾನವಾಗಬೇಕಿತ್ತು, ಆಗಲಿಲ್ಲ.

"ಅನುಮಾನಕ್ಕೇ ಹುಟ್ಟಿದವಳು ಕಣೇ ನೀನು" ಎಂದರು ಅಮ್ಮ. "ಟೊಮೇಟೊ ಕೊಂಡ್ರೂ ಒಂದೊಂದನ್ನೂ ಹಿಚುಕಿ ನೋಡ್ತೀಯ."

ಆಮೇಲೆ ಮೇಸ್ತ್ರಿ ಅಂಗಳದಲ್ಲಿ ನಿಂತು ಫೋನಿನಲ್ಲಿ ಯಾರಿಗೋ ತೆಲುಗಿನಲ್ಲಿ ಹೇಳಿದ್ದನ್ನು ಕೇಳಿಸಿಕೊಂಡೆ. "ಇಲ್ಲು ಗುಲ್ಲ ರಾ!" ಇಲ್ಲು ಎಂದರೆ ಮನೆ, ಗುಲ್ಲ ಎಂದರೆ ಟೊಳ್ಳು. ಆದರೆ ಮನೆಯನ್ನು ಗುಲ್ಲ ಮಾಡುವುದೆಂದರೆ ಇದ್ದಬದ್ದದ್ದನ್ನೆಲ್ಲ ಬಳಿದು ಬರಿದು ಮಾಡುವುದು ಎಂಬ ಅರ್ಥವೂ ನಮ್ಮ ಕಡೆ ಇದೆ. ನಾನು ಎರಡನೆಯ ಅರ್ಥವನ್ನೇ ಹಿಡಿದೆ.

ಅಂದಾಜಿನ ಚೀಟಿ ಕೈಗೆ ಬಂದಾಗ ಮೊದಲು ಕೊನೆಯ ಸಾಲನ್ನು ನೋಡಿದೆ. 'ಗುಂಡಿ ತುಂಬಲು ಎರಡು ಟ್ರ್ಯಾಕ್ಟರ್ ಮಣ್ಣು.'

"ಯಾವ ಗುಂಡಿ ಮೇಸ್ತ್ರೀ?"

"ಕೆಳಗೇನೋ ಇದೆ ತಾಯೀ. ರಾಗಿ ತುಂಬ್ತಿದ್ದ ಹಗೇವು ಇರಬೋದು. ಒಡೆದು ನೋಡ್ದೆ ಹೇಳೋಕಾಗಲ್ಲ."

"ಒಡೆದ ಮೇಲೆ ಇಲ್ಲದಿದ್ರೆ?"

"ಆ ಸಾಲು ಹೊಡೆದುಹಾಕ್ತೀನಿ."

"ಒಡೆದ ಕೂಲಿ?"

"ಅದು ಕೊಡಬೇಕಾಗುತ್ತೆ."

ಅಲ್ಲಿಗೆ ಬಂತು ನೋಡು ವಿಷಯ ಎಂದುಕೊಂಡೆ. ನೋಡಿ ಹೇಳುತ್ತೇನೆ ಎಂದೆ. ಅವರಿಗೆ ಅರ್ಥವಾಯಿತು. ಹೊರಡುವ ಮುಂಚೆ, ನನ್ನನ್ನು ಕೇಳದೆ, ನಡುವೆ ಫ್ಯಾನಿನ ಕೆಳಗಿದ್ದ ಅಮ್ಮನ ಮಂಚವನ್ನು ಗೋಡೆಯ ಬದಿಗೆ ಎಳೆದುಹಾಕಿದರು.

"ಅವ್ವಾ, ಕೆಲಸ ಯಾರಿಗಾದ್ರೂ ಕೊಡಿ. ಮಧ್ಯದಲ್ಲಿ ಮಾತ್ರ ಮಲಗಬೇಡಿ."

ನಮ್ಮ ಮನೆಯ ಮಂಚ ಎಳೆಯಲು ಇವರು ಯಾರು ಎಂದು ನನಗೆ ಸಿಟ್ಟು ಬಂತು. ತಿರುಗಿ ಅಲ್ಲೇ ಹಾಕಲು ಹೋದೆ. ಅಮ್ಮ ಬಿಡಲಿಲ್ಲ.

ಕೋಲಾರದ ಒಬ್ಬ ಕಂಟ್ರಾಕ್ಟರು ಒಡೆಯುವುದೇ ಬೇಡ, ಹಳೇ ನೆಲದ ಮೇಲೇ ಕೂರಿಸುತ್ತೇನೆ ಎಂದರು. ಒಪ್ಪಿದೆ. ಅವರ ಆಳುಗಳು ಟೈಲ್ಸ್ ಪೆಟ್ಟಿಗೆಗಳನ್ನು ನಡುಮನೆಯ ಮಧ್ಯೆ ಜೋಡಿಸಿ, ಉಳಿದದ್ದನ್ನು ತರಲು ಹೊರಗೆ ಹೋಗಿದ್ದರು. ಅಮ್ಮ ಮಂಚದ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ನಾನು ಬಾಗಿಲಲ್ಲಿದ್ದೆ. ನೋಡಿದ್ದನ್ನು ನೋಡಿದ ಹಾಗೆ ಹೇಳುತ್ತೇನೆ: ಮೊದಲು ಪೆಟ್ಟಿಗೆಗಳು ಓರೆಯಾದವು. ಆಮೇಲೆ ಕಾಣಲಿಲ್ಲ. ಸದ್ದು ದೊಡ್ಡದಾಗಿರಲಿಲ್ಲ, ಮೂಟೆ ಇಳಿಸಿದಷ್ಟು. ಧೂಳಿನ ಜೊತೆ ಮುಗ್ಗಿದ ರಾಗಿಯ ವಾಸನೆ ಎದ್ದಿತು. ಮಂಚ ಮೊದಲಿದ್ದ ಜಾಗದಲ್ಲಿ, ಬಾವಿಯಂತೆ, ಕತ್ತಲು. ಅಮ್ಮನ ಕೈಯಲ್ಲಿ ಅರ್ಧ ಬಿಡಿಸಿದ ಕಾಯಿ ಹಾಗೇ ಇತ್ತು.

ಮರುದಿನ ಚೀಟಿ ಹಿಡಿದು ತಾಯಲೂರಿಗೆ ಹೋದೆ. ಮೇಸ್ತ್ರಿ ಏನೂ ಕೇಳದೆ ನನ್ನ ಜೊತೆಯೇ ಹೊರಟುಬಂದರು. ಮಂಡಿಯೂರಿ ಗುಂಡಿಯೊಳಗೆ ಟಾರ್ಚ್ ಬಿಟ್ಟರು. ಹಗೇವಿನ ಬಾಯಿಗೆ ಯಾರೋ ಹಲಗೆ ಹಾಸಿ ಮೇಲೆ ಗಾರೆ ಎಳೆದಿದ್ದರು. ಹಲಗೆಯನ್ನು ಗೆದ್ದಲು ತಿಂದಿತ್ತು. ಹೇಳಿದ್ದೆನಲ್ಲ ಎಂಬ ಮಾತು ಬರುತ್ತದೆಂದು ಕಾದೆ. ಅವರು ಚೀಟಿ ಇಸಿದುಕೊಂಡು, ಕೊನೆಯ ಸಾಲಿನ 'ಎರಡು' ಹೊಡೆದು 'ನಾಲ್ಕು' ಎಂದು ಬರೆದರು.

"ನನ್ನ ಅಂದಾಜು ತಪ್ಪು ತಾಯೀ. ಇಷ್ಟು ಆಳ ಅನ್ಕೊಂಡಿರ್ಲಿಲ್ಲ."

ಮಣ್ಣು ಬಂದ ದಿನ ನಾನು ಬಾಗಿಲಲ್ಲಿ ನಿಂತು ಟ್ರ್ಯಾಕ್ಟರ್ ಎಣಿಸಿದೆ. ನಾಲ್ಕು. ಎಣಿಸುವುದನ್ನು ಅವರು ನೋಡಿದರು.

"ಸರಿಯಾಗಿದೆಯಾ?" ಎಂದರು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅವತ್ತು ಅಂಗಳದಲ್ಲಿ ಅವರಾಡಿದ ಮಾತಿಗೆ ನಾನು ಯಾವ ಅರ್ಥ ಹಿಡಿದೆ ಎಂದು ಅವರಿಗೆ ಕೊನೆಗೂ ಹೇಳಲಿಲ್ಲ.

ನೆಲ ಈಗ ಗಟ್ಟಿಯಾಗಿದೆ. ಆಗಾಗ ಗೆಣ್ಣಿನಿಂದ ಬಡಿದು ಕೇಳುತ್ತೇನೆ. ಫ್ಯಾನು ಮಧ್ಯದಲ್ಲಿದೆ, ಬೇಸಿಗೆಯಲ್ಲಿ ಗೋಡೆಯ ಬದಿ ಸೆಕೆ. ಆದರೂ ಅಮ್ಮನ ಮಂಚ ಅವರು ಎಳೆದುಹಾಕಿದ ಜಾಗದಲ್ಲೇ ಇದೆ. ಅದನ್ನು ಸರಿಸೋಣ ಎಂದು ನಾನೂ ಹೇಳುವುದಿಲ್ಲ.