ಪ್ರಶ್ನೆ ಕೇಳುವವರಿಗೆ ರಜೆ
ನನ್ನ ಅಕ್ಷರ ಸೊಟ್ಟ, ಮಾತೂ ಒರಟು, ಮನ್ನಿಸಿ. ವಿಜಯಪುರದ ಬಸ್ಸಿನಲ್ಲಿ ನಮ್ಮೂರ ಶಾಲೆಗೆ ಬರುವ ವಿಜ್ಞಾನದ ಮೇಷ್ಟ್ರು ರಾಮಾಂಜಿನಪ್ಪನವರು ಸೂಕ್ಷ್ಮದರ್ಶಕಕ್ಕೆ ಹಸುಗೂಸಿನಂತೆ ಬಟ್ಟೆ ಸುತ್ತಿ ಬೀರುವಿನಲ್ಲಿ ಮಲಗಿಸಿದ್ದಾರೆ, ಜೋಗುಳವೊಂದೇ ಬಾಕಿ. ‘ಅರ್ಥ ಆಯ್ತೇನ್ರೋ?’ ಎಂದವರು ‘ಹೂಂ ಸಾರ್’ ಬರುವ ಮೊದಲೇ ಬೋರ್ಡು ಒರೆಸಿರುತ್ತಾರೆ. ಮಕ್ಕಳು ವಿಜ್ಞಾನ ಹೇಗೆ ಕಲಿಯುತ್ತಾರೆಂದು ಅಧ್ಯಯನ ಮಾಡುವವರು ಬೆಂಗಳೂರಿನಿಂದ ಬಂದ ದಿನ ಮಾತ್ರ ಆ ಕೂಸು ಕಣ್ಣು ಬಿಡುತ್ತದೆ, ಬಾಯಿಪಾಠದ ಉತ್ತರಗಳೂ ಸಿದ್ಧವಿರುತ್ತವೆ. ‘ಯಾಕೆ ಸಾರ್?’ ಎಂದು ಕೇಳುವ ಚಾಳಿಯವರಿಗೆ ಮುನ್ನಾದಿನವೇ ಮೇಷ್ಟ್ರು ಅಕ್ಕರೆಯಿಂದ ಹೇಳುತ್ತಾರೆ: ‘ನೀನು ನಾಳೆ ಬರ್ಬೇಡ ಕಣಮ್ಮಾ, ಮನೇಲಿ ರೆಸ್ಟ್ ತಗೋ.’ ಹಾಗೆ ಮನೆಯಲ್ಲಿ ಕೂತ ನಾನು ಮತ್ತೆ ಶಾಲೆಗೆ ಹೋಗಲೇ ಇಲ್ಲ. ಬೆಂಗಳೂರಿನವರ ಅಧ್ಯಯನದಲ್ಲೂ ನಾನಿಲ್ಲ. ಇವತ್ತು ಮೇಷ್ಟ್ರು ತಂಗಿ ಪ್ರಮೋದಾಗೂ ಅದೇ ಮಾತು ಹೇಳಿದ್ದಾರೆ. ನಾಳೆ ಅವಳನ್ನು ನಾನೇ ಕರೆದುಕೊಂಡು ಹೋಗಿ ಮುಂದಿನ ಬೆಂಚಿನಲ್ಲಿ ಕೂರಿಸುತ್ತೇನೆ.