ಬೇರೆಯವರ ಹಬ್ಬಕ್ಕೆ ಹೋಗುವ ತಂಡ

ವರ್ಲಿನ್ ಸ್ಟಟ್ಸ್‌ಮನ್‌ಗೆ ಅರವತ್ತು ದಾಟಿದ್ದರೂ ಅವನ ಹೊಟ್ಟೆಕಿಚ್ಚಿಗೆ ಮಾತ್ರ ಇನ್ನೂ ಹರೆಯ. ಅಮೆರಿಕದ ಇಂಡಿಯಾನದಲ್ಲಿ, ಜೋಳದ ಹೊಲಗಳ ನಡುವಿನ ಪುಟ್ಟ ಕಾಲೇಜೊಂದರ ಫುಟ್‌ಬಾಲ್ ತಂಡಕ್ಕೆ ಅವನು ಕೋಚ್; ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಲ್ಲಿನ ಫುಟ್‌ಬಾಲ್ ಅದು. ಆ ತಂಡವನ್ನು ಯಾವ ಲೀಗೂ ಸೇರಿಸಿಕೊಂಡಿರಲಿಲ್ಲ. ಲೀಗಿನವರಿಗೆ ಎದುರಾಳಿಗಳು ತಾವಾಗಿಯೇ ಸಿಗುತ್ತಾರೆ, ವರ್ಲಿನ್ ಚಳಿಗಾಲವಿಡೀ ಊರೂರಿಗೆ ಫೋನು ಮಾಡಿ, "ನಮ್ಜೊತೆ ಒಂದಾಟ ಆಡ್ತೀರಾ?" ಎಂದು ಗೋಗರೆಯಬೇಕು. ಒಪ್ಪಿದವರು ತಮ್ಮ ಹಳೆ ವಿದ್ಯಾರ್ಥಿಗಳ ಹಬ್ಬದ ದಿನಕ್ಕೇ ಕರೆಯುತ್ತಿದ್ದರು. ಹಬ್ಬದ ದಿನ ಸೋಲುವುದು ಯಾರಿಗೆ ಬೇಕು? ಬಡಪಾಯಿ ತಂಡವೇ ಬರಲಿ ಎಂಬ ಲೆಕ್ಕ.

ಈ ಸಲ ಕರೆದವನು ಗೇಲನ್ ಯೋಡರ್. ವರ್ಲಿನ್‌ನ ಕೈಕೆಳಗೆ ಆಡಿ ಬೆಳೆದು, ಅವನಿಂದಲೇ ವಿದ್ಯೆ ಕಲಿತು, ಪಕ್ಕದ ಊರಿನ ಕಾಲೇಜಿಗೆ ಕೋಚಾಗಿ ಹಾರಿದವನು. ಆ ಕಾಲೇಜು ಲೀಗಿನಲ್ಲಿತ್ತು. ಲೀಗಿನ ಪಂದ್ಯಗಳೆಲ್ಲ ಮುಗಿದು, ಕಪ್ ಗೇಲನ್‌ನ ಪಾಲಾಗಿತ್ತು. ಹಬ್ಬದ ಆಟದ ನಂತರ ಅದನ್ನು ಮೈದಾನದಲ್ಲೇ ಕೊಡುವುದಿತ್ತು.

"ಅವನ ಹಬ್ಬ ಕೆಡಿಸ್ದೆ ಬಿಡಲ್ಲ," ಎಂದ ವರ್ಲಿನ್, ಹೊರಡುವ ಬೆಳಿಗ್ಗೆ.

"ನಮ್ಮನೇಲಿ ಉಂಡು ಬೆಳೆದ ಹುಡುಗ ಅಲ್ವಾ ಅವನು?" ಎಂದಳು ಹೆಂಡತಿ ನಾರ್ಮಾ.

"ಅದಕ್ಕೇ ಕಣೆ ಉರಿಯೋದು!"

ಕೆಡಿಸಿಯೂ ಬಿಟ್ಟ. ಕೊನೆಯ ಗಳಿಗೆಯಲ್ಲಿ ಅವನ ಹುಡುಗನೊಬ್ಬ ಚೆಂಡನ್ನು ಬಗಲಲ್ಲಿಟ್ಟುಕೊಂಡು ಗೆರೆ ದಾಟಿ ಆಟ ಗೆಲ್ಲಿಸಿದ. ಬ್ಯಾಂಡು ನಿಂತಿತು. ತುಂಬಿದ ಗ್ಯಾಲರಿ ಗಪ್‌ಚುಪ್. ವರ್ಲಿನ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಲೀಗಿನ ಹೊರಗಿನವರ ಎದುರು ಸೋತರೆ ಅದು ಲೀಗಿನ ಲೆಕ್ಕಕ್ಕಿಲ್ಲ. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಗೇಲನ್ ಮುಖ ಸಪ್ಪಗೆ ಮಾಡಿಕೊಂಡು ಕಪ್ ತೆಗೆದುಕೊಳ್ಳುವುದನ್ನು ಕಣ್ತುಂಬ ನೋಡಬೇಕೆಂದು ಕಾದಿದ್ದ. ಅಷ್ಟರಲ್ಲೇ ಬ್ಯಾಂಡು ಮತ್ತೆ ಶುರುವಾಯಿತು. ಸೋತವರು ಕಪ್ ಎತ್ತಿಕೊಂಡು ಕುಣಿದರು. ಗೆದ್ದವರು ಬಸ್ಸಿನ ಬಳಿ ನಿಂತು ಸ್ಯಾಂಡ್‌ವಿಚ್ ತಿನ್ನುತ್ತಾ ಅದನ್ನು ನೋಡಿದರು.

ಗೇಲನ್ ಕಪ್ ಹಿಡಿದುಕೊಂಡೇ ಓಡಿಬಂದ.

"ಕೋಚ್, ಏನಾಟ ಆಡ್ಸಿದ್ರಿ! ನಮ್ಮನ್ನ ಅಟ್ಟಾಡ್ಸಿಬಿಟ್ರಲ್ಲ! ಇದನ್ನೊಂದ್ನಿಮಿಷ ಹಿಡ್ಕೊಳ್ಳಿ, ಮಗಳನ್ನ ಎತ್ಕೋಬೇಕು."

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ವರ್ಲಿನ್‌ಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಗೇಲನ್ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದು ಕಪ್ಪಿಗಾಗಿ ಕೈ ಚಾಚಿದ. ವರ್ಲಿನ್ ಕೊಡಲಿಲ್ಲ.

"ಕೋಚ್?"

"ಇರೋ, ಇನ್ನೂ ಒಂದ್ನಿಮಿಷ ಆಗಿಲ್ಲ," ಎಂದ ವರ್ಲಿನ್, ಕಪ್ಪನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡು.