ರೆನಿಶಾ ನಮ್ಮ ಮನೆಯಲ್ಲಿದ್ದ ಒಂಬತ್ತು ವಾರ

"ಆಂಟಿ, ವಿಚ್ ಹೌಸ್ ನೆಕ್ಸ್ಟ್?"

ಬೆಳಗಿನ ಹೊತ್ತು. ನಾನು ಡಬ್ಬಿಗೆ ರೊಟ್ಟಿ ಬಡಿಯುತ್ತಿದ್ದೆ. ತಿರುಗಿ ನೋಡಿದರೆ ಏಳು ವರ್ಷದ ರೆನಿಶಾ ಶೂ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಸ್ಕೂಲ್ ಬ್ಯಾಗ್ ಉಬ್ಬಿಕೊಂಡಿತ್ತು. ಪುಸ್ತಕಗಳನ್ನೆಲ್ಲ ತೆಗೆದು ಮಂಚದ ಮೇಲೆ ಒಪ್ಪವಾಗಿ ಜೋಡಿಸಿಟ್ಟು, ಬ್ಯಾಗಿಗೆ ತನ್ನ ಬಟ್ಟೆ ತುಂಬಿಕೊಂಡಿದ್ದಳು. ಅಳು ಇಲ್ಲ, ಸಿಟ್ಟೂ ಇಲ್ಲ. ಮುಂದಿನ ಬಸ್ ಎಷ್ಟು ಗಂಟೆಗೆ ಎಂದು ಕೇಳುವವರ ಹಾಗೆ ಕೇಳಿದಳು.

ಅದಕ್ಕೂ ಹತ್ತು ನಿಮಿಷ ಮೊದಲು ನಾನು ಅವಳ ಮೇಲೆ ಕೂಗಾಡಿದ್ದೆ. ಆ ವಾರ ಅವಳು ಒದ್ದೆ ಮಾಡಿದ ನಾಲ್ಕನೇ ಬೆಡ್‌ಶೀಟ್ ಅದು. "ಏಳು ವರ್ಷದಾಕಿ, ಇನ್ನೂ ಹಿಂಗ ಮಾಡ್ತೀಯಲ್ಲ! ದಿನಾ ನಾ ಎಷ್ಟಂತ ಒಗೀಲಿ?" ಎಂದಿದ್ದೆ. ಹೌದು, ಹಾಗೇ ಅಂದಿದ್ದೆ. ಮುಚ್ಚಿಟ್ಟು ಏನು ಪ್ರಯೋಜನ?

ರೆನಿಶಾ ಯಾರು ಎಂದು ಹೇಳಿಬಿಡುತ್ತೇನೆ. ಕುವೈತಿನ ರಿಗ್ಗೈಯಲ್ಲಿರುವ ನಮ್ಮ ಬಿಲ್ಡಿಂಗಿನಲ್ಲಿ ನಮ್ಮ ಕೆಳಗಿನ ಮಹಡಿಯಲ್ಲಿರುವ ಲವೀನಾಳ ಒಬ್ಬಳೇ ಮಗಳು. ಲವೀನಾ ಕಾರ್ಕಳದ ಕಡೆಯವಳು, ನರ್ಸ್. ಗಂಡನಿಗೆ ಸರಕು ಹಡಗಿನಲ್ಲಿ ಕೆಲಸ. ಒಮ್ಮೆ ಹೊರಟರೆ ತಿಂಗಳುಗಟ್ಟಲೆ ನೀರಿನ ಮೇಲೆ. ಡ್ಯೂಟಿ ಮುಗಿಸಿ ರಸ್ತೆ ದಾಟುವಾಗ ಲವೀನಾಳಿಗೆ ಕಾರು ಗುದ್ದಿತು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಎರಡು ತಿಂಗಳು ಆಸ್ಪತ್ರೆ ಎಂದರು ಡಾಕ್ಟರು.

ಮೊದಲ ಎರಡು ದಿನ ರೆನಿಶಾ ತಾಯಿಯ ಜೊತೆ ಕೆಲಸ ಮಾಡುವ ಒಬ್ಬರ ಮನೆಯಲ್ಲಿದ್ದಳು. ಆಮೇಲೆ ಊರಾಚೆಯ ಮಂಗಫ್‌ನಲ್ಲಿ ದೂರದ ಸಂಬಂಧಿಕರ ಮನೆ. ಅಲ್ಲಿಂದ ಸ್ಕೂಲ್ ಬಸ್ ಇಲ್ಲ. ನಾನು ಆಸ್ಪತ್ರೆಗೆ ಲವೀನಾಳನ್ನು ನೋಡಲು ಹೋದವಳು ದೊಡ್ಡ ಧೈರ್ಯದಿಂದ, "ನಮ್ಮನಿಗೆ ಬರ್ಲಿ ಬಿಡವಾ, ನಮಗೇನು ಭಾರ ಅಲ್ಲ" ಎಂದೆ. ಅವಳು ಮಲಗಿದಲ್ಲಿಂದಲೇ ನನ್ನ ಕೈ ಹಿಡಿದುಕೊಂಡಳು. "ಅಕ್ಕ, ಅವಳು ಸ್ವಲ್ಪ ಮೌನ. ಬೇಜಾರು ಮಾಡ್ಬೇಡಿ, ಆಯ್ತಾ?" ಎಂದಳು.

ಸುದ್ದಿ ಹಬ್ಬಿತು. ಫೋನಿನ ಮೇಲೆ ಫೋನು. "ಎಂಥ ದೊಡ್ಡ ಮನಸ್ಸು ನಿಮ್ದು!" ಎಂದು ವಾಟ್ಸ್ಯಾಪ್ ಗ್ರೂಪಿನ ತುಂಬ ಕೈಮುಗಿದ ಚಿತ್ರಗಳು. ನನಗೂ ಒಳಗೊಳಗೇ ಖುಷಿ. (ಹೊಗಳಿಕೆ ಯಾರಿಗೆ ಬೇಡ?)

ಎರಡನೇ ವಾರಕ್ಕೆ ಖುಷಿ ಇಳಿಯಿತು. ಹುಡುಗಿ ಮಾತಾಡುವುದಿಲ್ಲ. ನನ್ನ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಒಂದೇ ಪದ. ಊಟಕ್ಕೆ ಕೂತರೆ ನಾಲ್ಕು ತುತ್ತು. ಜ್ವರ ಬಂತೆಂದು ಕ್ಲಿನಿಕ್ಕಿಗೆ ಕರೆದೊಯ್ದರೆ, "ತಾಯಿ ಎಲ್ಲಿ? ತಂದೆ ಎಲ್ಲಿ? ನೀವು ಯಾರು?" ಸ್ಕೂಲಿನವರೂ ಅದನ್ನೇ ಕೇಳಿದರು. ನಿಮ್ಮ ಕೈಗೆ ಮಗುವನ್ನು ಒಪ್ಪಿಸಲು ಕಾಗದ ಬೇಕು ಎಂದರು. ತಪ್ಪು ಅವರದ್ದಲ್ಲ. ಸಿಕ್ಕಸಿಕ್ಕವರ ಕೈಗೆ ಮಗುವನ್ನು ಕೊಟ್ಟುಬಿಟ್ಟರೆ ಹೇಗೆ? ಆದರೆ ಆ ಕಾಗದ ಎಲ್ಲಿ ಸಿಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ, ನನ್ನ ಗಂಡನಿಗೂ ಗೊತ್ತಿರಲಿಲ್ಲ.

ಇದರ ನಡುವೆ ನನ್ನ ಹದಿಮೂರು ವರ್ಷದ ಮಗಳು ಅನುಷಾ ಮುಖ ಊದಿಸಿಕೊಂಡು ಓಡಾಡುತ್ತಿದ್ದಳು. ಅವಳ ರೂಮು, ಅವಳ ಮಂಚ, ಅವಳ ಅಮ್ಮ, ಎಲ್ಲವೂ ಪಾಲಾಗಿತ್ತಲ್ಲ! "ಅಮ್ಮಾ, ಯು ಡೋಂಟ್ ಈವನ್ ಲುಕ್ ಅಟ್ ಮಿ ನೌ" ಎಂದಳು ಒಂದು ದಿನ. ನಿಜವೇ ಆಗಿತ್ತು.

ಮೂರನೇ ವಾರದ ಆ ಬೆಳಿಗ್ಗೆ, ಬಾಗಿಲಲ್ಲಿ ಬ್ಯಾಗ್ ಹಿಡಿದು ನಿಂತ ಹುಡುಗಿಯನ್ನು ನೋಡಿ ರೊಟ್ಟಿ ಅಲ್ಲೇ ಬಿಟ್ಟೆ. ಹಿಟ್ಟಿನ ಕೈಯಲ್ಲೇ ಅವಳನ್ನು ಹತ್ತಿರ ಎಳೆದುಕೊಂಡೆ. "ಎಲ್ಲಿಗೂ ಹೋಗೂದಿಲ್ಲ ನೀ. ನಂದ ತಪ್ಪು" ಎಂದೆ. ಅವಳು ನಂಬಲಿಲ್ಲ. ಬ್ಯಾಗ್ ಕೆಳಗಿಡಲು ಒಪ್ಪಲೇ ಇಲ್ಲ. ಬಟ್ಟೆ ತುಂಬಿದ ಬ್ಯಾಗಿನಲ್ಲೇ ಎರಡು ಪುಸ್ತಕ ತುರುಕಿ ಸ್ಕೂಲಿಗೆ ಕಳಿಸಿದೆ.

ಅವತ್ತೇ ಆಸ್ಪತ್ರೆಗೆ ಹೋದೆ. ಲವೀನಾಳಿಗೆ ಇದನ್ನೆಲ್ಲ ಹೇಳುವಂತಿಲ್ಲ. ವಾರ್ಡಿನ ಹೊರಗೆ ಕೂತಿದ್ದೆ. ಅಲ್ಲಿನ ಮಲಯಾಳಿ ಸಿಸ್ಟರ್ ಒಬ್ಬರು ನನ್ನ ಮುಖ ನೋಡಿ, ಕೆಳಗೆ ಸಮಾಜ ಸೇವಾ ವಿಭಾಗ ಇದೆ, ಒಮ್ಮೆ ಹೋಗಿ ಮಾತಾಡಿ ಎಂದರು.

ಸರ್ಕಾರಿ ಕಚೇರಿ ಎಂದರೆ ನಮಗೆ ಏನು ನೆನಪಾಗುತ್ತದೆ ಹೇಳಿ? ಇಕಾಮಾ ಎಂಬ ವಾಸದ ಪರವಾನಗಿ, ಝೆರಾಕ್ಸ್, ನಾಳೆ ಬಾ. ಪರದೇಶದಲ್ಲಂತೂ ಭಯ ಇನ್ನೂ ಜಾಸ್ತಿ. ಬೇರೆಯವರ ಮಗುವನ್ನು ಮನೆಯಲ್ಲಿಟ್ಟುಕೊಂಡಿದ್ದೇ ಕಾನೂನಿಗೆ ವಿರುದ್ಧವಾಗಿದ್ದರೆ? ಬಾಗಿಲ ತನಕ ಹೋಗಿ ಒಮ್ಮೆ ವಾಪಸ್ ಬಂದೆ. ಮತ್ತೆ ಹೋದೆ.

ಒಳಗಿದ್ದವರು ಐವತ್ತು ದಾಟಿದ ಕುವೈತಿ ಹೆಂಗಸು. ಕಪ್ಪು ಅಬಾಯಾ, ಮೂಗಿನ ತುದಿಗೆ ಜಾರಿದ ಕನ್ನಡಕ. ಎಲ್ಲರೂ ಅವರನ್ನು ಉಮ್ ಯೂಸುಫ್, ಅಂದರೆ ಯೂಸುಫನ ತಾಯಿ, ಎಂದು ಕರೆಯುತ್ತಿದ್ದರು. ನನ್ನ ಹರಕು ಇಂಗ್ಲಿಷಿನಲ್ಲಿ ಕಥೆಯೆಲ್ಲ ಹೇಳಿದೆ. ಅವರು ಅಡ್ಡ ಮಾತಾಡದೆ ಕೇಳಿದರು.

"ನೀವು ಅವಳಿಗೆ ಏನಾಗಬೇಕು?"

"ಏನೂ ಅಲ್ಲ. ಮೇಲಿನ ಮನೆ."

ಮುಗಿಯಿತು, ಈಗ ದಾಖಲೆ ಕೇಳುತ್ತಾರೆ ಎಂದುಕೊಂಡೆ. ಅವರು ಪೆನ್ನು ಕೆಳಗಿಟ್ಟರು. "ನೀವು ಸರಿಯಾಗಿ ನಿದ್ದೆ ಮಾಡ್ತಿದ್ದೀರಾ?" ಎಂದು ಕೇಳಿದರು.

ಮೂರು ವಾರದಲ್ಲಿ ನನ್ನ ಬಗ್ಗೆ ಯಾರೂ ಕೇಳದ ಪ್ರಶ್ನೆ. ನಾನು ಅತ್ತುಬಿಟ್ಟೆ. ಗೊತ್ತಿಲ್ಲದ ಊರಿನ, ಗೊತ್ತಿಲ್ಲದ ಆಫೀಸಿನಲ್ಲಿ, ಗೊತ್ತಿಲ್ಲದ ಹೆಂಗಸಿನ ಮುಂದೆ! ಅವರು ಟಿಶ್ಯೂ ಡಬ್ಬಿ ನನ್ನ ಕಡೆ ಸರಿಸಿ, ಚಹಾ ತರಿಸಿದರು.

ಆಮೇಲೆ ಅವರು ತಮ್ಮ ವಿಷಯ ಹೇಳಿದರು. ಅವರ ಮನೆಯಲ್ಲೂ ಒಬ್ಬಳು ಮಗಳಿದ್ದಾಳೆ, ಹೆತ್ತವಳಲ್ಲ. ಸರ್ಕಾರದ ಅನಾಥ ಮಕ್ಕಳ ಮನೆಯಿಂದ ಮೂರು ವರ್ಷದವಳಿದ್ದಾಗ ಸಾಕಲು ಕರೆತಂದವಳು. ಈಗ ಕಾಲೇಜು. "ಮೊದಮೊದಲು ಪ್ರತಿ ತಿಂಗಳು ಇಲಾಖೆಯಿಂದ ಒಬ್ಬ ಹುಡುಗಿ ಬರುತ್ತಿದ್ದಳು. ತಪ್ಪು ಹಿಡಿಯಲು ಬರುತ್ತಾಳೆ ಎಂದು ನನಗೆ ಅವಳ ಮೇಲೆ ಕೋಪ. ಆದರೆ ಅವಳು ಮಗುವಿನ ಜೊತೆ ಹತ್ತು ನಿಮಿಷ ಕೂತರೆ, ನನ್ನ ಜೊತೆ ಒಂದು ಗಂಟೆ ಕೂರುತ್ತಿದ್ದಳು. ಅವಳಿಲ್ಲದಿದ್ದರೆ ನಾನು ಆರು ತಿಂಗಳಲ್ಲಿ ಮಗುವನ್ನು ವಾಪಸ್ ಕೊಡುತ್ತಿದ್ದೆ" ಎಂದರು.

ಮಾತು ಮುಗಿಸಿ ಕೆಲಸಕ್ಕೆ ಇಳಿದರು. ಅರೇಬಿಕ್‌ನಲ್ಲಿ ಒಂದು ಪತ್ರ ಟೈಪ್ ಮಾಡಿಸಿದರು. ಮಗುವಿನ ಸ್ಕೂಲು, ಚಿಕಿತ್ಸೆ ಎರಡನ್ನೂ ಸದ್ಯಕ್ಕೆ ಇವರು ನೋಡಿಕೊಳ್ಳುತ್ತಾರೆ ಎಂದು. ತಾವೇ ಮೇಲೆ ಬಂದು ಲವೀನಾಳ ಹಾಸಿಗೆಯ ಪಕ್ಕ ನಿಂತು ಸಹಿ ಹಾಕಿಸಿದರು. ಸೀಲು ಒತ್ತಿದರು. ಸ್ಕೂಲಿಗೆ ತಾವೇ ಫೋನ್ ಮಾಡಿದರು. ಎಲ್ಲ ಸೇರಿ ಒಂದೂವರೆ ಗಂಟೆ. "ಖಲಾಸ್. ಇನ್ನು ಮಗುವಿನ ವಿಷಯ" ಎಂದರು.

"ಅಮ್ಮ ಬೇಗ ಬರ್ತಾಳೆ ಅಂತ ಹೇಳಬೇಡಿ. ಬೇಗ ಅಂದ್ರೆ ಎಷ್ಟು ಅಂತ ಮಗುವಿಗೆ ಗೊತ್ತಾಗೋದಿಲ್ಲ. ಆರು ವಾರ ಅಂತ ನಿಜ ಹೇಳಿ. ಅವಳ ಸ್ವಂತ ತಲೆದಿಂಬು ತಂದುಕೊಡಿ. ಬೀರುವಿನಲ್ಲಿ ಒಂದು ಖಾನೆ ಅವಳದ್ದೇ ಅಂತ ಬಿಟ್ಟುಕೊಡಿ. ಬೆಡ್‌ಶೀಟ್ ಬಗ್ಗೆ ಒಂದು ಮಾತೂ ಬೇಡ. ಆಮೇಲೆ ನಿಮ್ಮ ಮಗಳು? ಅವಳಿಗೆ ದಿನಕ್ಕೆ ಅರ್ಧ ಗಂಟೆ. ಆಗ ಯಾರೂ ಅಡ್ಡ ಬರಬಾರದು."

ಮಕ್ಕಳನ್ನು ವಾರ್ಡಿಗೆ ಬಿಡುವುದಿಲ್ಲ. ಉಮ್ ಯೂಸುಫ್ ಅದಕ್ಕೂ ದಾರಿ ಮಾಡಿದರು. ಶನಿವಾರ ಲವೀನಾಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಕೆಳಗಿನ ತಮ್ಮ ರೂಮಿಗೆ ಕರೆಸಿದರು. ರೆನಿಶಾ ಬಾಗಿಲಲ್ಲೇ ನಿಂತಳು. ಸೊರಗಿದ ತಾಯಿಯನ್ನು ಗುರುತೇ ಹಿಡಿಯದವಳ ಹಾಗೆ ನೋಡಿದಳು. ಲವೀನಾ ಕರೆಯಲಿಲ್ಲ, ಕೊಂಕಣಿಯಲ್ಲಿ ಮೆಲ್ಲಗೆ ಏನೋ ಹಾಡಿಕೊಳ್ಳತೊಡಗಿದಳು. ಎರಡು ನಿಮಿಷ ಆಯಿತು, ಮೂರು ಆಯಿತು. ಹುಡುಗಿ ಹೋಗಿ ತಾಯಿಯ ತೋಳಿಗೆ ಮುಖ ಒತ್ತಿದಳು. ಅಪಘಾತವಾದ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತಳು. ನಾನು ಹೊರಗೆ ಬಂದೆ. ಅದು ಅವರಿಬ್ಬರ ಹೊತ್ತು.

ಆಮೇಲೆ ಎಲ್ಲ ಸುಸೂತ್ರವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬೆಡ್‌ಶೀಟ್ ಒಗೆಯುವುದು ಇನ್ನೂ ಎರಡು ವಾರ ನಡೆಯಿತು. ಆದರೆ ಬ್ಯಾಗಿನ ಬಟ್ಟೆ ಒಂದೊಂದಾಗಿ ಬೀರುವಿಗೆ ಬಂತು. ಅನುಷಾ ಆ ಖಾನೆಯ ಮೇಲೆ 'ರೆನಿ' ಎಂದು ಬಣ್ಣದ ಪೆನ್ನಿನಲ್ಲಿ ಬರೆದು ಅಂಟಿಸಿದಳು. (ನಾನು ಹೇಳಿದ್ದಲ್ಲ. ಅರ್ಧ ಗಂಟೆಯ ಫಲ ಇರಬೇಕು.) ಉಮ್ ಯೂಸುಫ್ ಪ್ರತಿ ಗುರುವಾರ ಫೋನ್ ಮಾಡುತ್ತಿದ್ದರು. ಒಂದು ಗುರುವಾರವೂ ತಪ್ಪಲಿಲ್ಲ.

ಒಂಬತ್ತನೇ ವಾರ ಲವೀನಾ ವಾಕರ್ ಹಿಡಿದು ಮನೆಗೆ ಬಂದಳು. ಗಂಡನೂ ರಜೆ ಪಡೆದು ಬಂದಿದ್ದ. ರೆನಿಶಾ ಒಂದು ಮಹಡಿ ಕೆಳಗಿಳಿದು ಹೋದಳು. ಅಷ್ಟೇ ದೂರ. ಆದರೂ ಅವತ್ತು ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಧಾರವಾಡ ಪೇಡೆಯ ಡಬ್ಬಿ ಹಿಡಿದು ಉಮ್ ಯೂಸುಫ್ ಹತ್ತಿರ ಹೋದೆ. ಡಬ್ಬಿ ತೆಗೆದುಕೊಳ್ಳಲು ನಿಯಮ ಬಿಡುವುದಿಲ್ಲ ಎಂದು ಒಂದೇ ಒಂದು ಪೇಡೆ ಬಾಯಿಗೆ ಹಾಕಿಕೊಂಡರು. "ಇದು ನನ್ನ ಕೆಲಸ, ಥ್ಯಾಂಕ್ಸ್ ಯಾಕೆ?" ಎಂದರು. ನಮ್ಮನ್ನು ಓಡಾಡಿಸಿದ ಕಚೇರಿಗಳ ಬಗ್ಗೆ ನಾನು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಕೂರಿಸಿ ಚಹಾ ಕೊಟ್ಟ ಕಚೇರಿಯ ಬಗ್ಗೆ ಬರೆದಿದ್ದು ಇದೇ ಮೊದಲು. ನಮ್ಮ ನಾಡಿನ ಜಿಲ್ಲೆಗಳಲ್ಲೂ ಇಂಥ ಮಕ್ಕಳಿಗೆ, ಅವರನ್ನು ಸಾಕುವವರಿಗೆ ಅಂತಲೇ ಕಚೇರಿಗಳಿವೆ, ಅಧಿಕಾರಿಗಳಿದ್ದಾರೆ. ಅವರಲ್ಲೂ ಹೀಗೆ ಗುರುವಾರ ತಪ್ಪದೆ ಫೋನ್ ಮಾಡುವವರು ಇದ್ದೇ ಇರುತ್ತಾರೆ. ಅವರಿಗೆಲ್ಲ ನನ್ನದೊಂದು ನಮಸ್ಕಾರ.

ಹೊರಡುವಾಗ ಉಮ್ ಯೂಸುಫ್ ಒಂದು ಮಾತಿಗೆ ನನ್ನನ್ನು ನಿಲ್ಲಿಸಿದರು. "ನನ್ನ ರೂಮು ಮೊದಲ ದಿನವೂ ಇಲ್ಲೇ ಇತ್ತು. ನೀವು ಯಾಕೆ ಮೂರು ವಾರ ತಡ ಮಾಡಿದಿರಿ?"

ಮನೆಗೆ ಬರುವ ದಾರಿಯಲ್ಲಿ ನನ್ನನ್ನೇ ಕೇಳಿಕೊಂಡೆ. ಬೇರೆಯವರ ಮಗುವನ್ನು ಮನೆಗೆ ಕರೆತರುವಷ್ಟು ಧೈರ್ಯ ಇರುವ ನಮಗೆ, 'ನನ್ನ ಕೈಲಿ ಆಗುತ್ತಿಲ್ಲ' ಎನ್ನುವಷ್ಟು ಧೈರ್ಯ ಯಾಕೆ ಇರುವುದಿಲ್ಲ?